ವಾಸ್ತವವಾದದ ತಿರುಳು: ಕೈಲಾಸಂ ಮತ್ತು ಚಿನ್ನದ ಗಣಿಯ ನಾಡು

ಕಂಡದ್ದನ್ನು ಕಂಡಂತೆಯೇ ರಂಗದ ಮೇಲೆ ತೋರಿಸುವುದೇ ವಾಸ್ತವವಾದವೆಂಬ ತಿಳಿವಳಿಕೆ ವ್ಯಾಪಕವಾಗಿದ್ದರೂ, ಅದರ ತಾತ್ತ್ವಿಕ ತಿರುಳಿರುವುದು ಅನುಕರಣೆಯಲ್ಲಲ್ಲ, ಕಾರ್ಯಕಾರಣ ಸಂಬಂಧದಲ್ಲಿ. ಮನುಷ್ಯನ ನಡೆನುಡಿಗಳನ್ನು ರೂಪಿಸುವುದು ವಿಧಿಯೋ ದೇವತೆಗಳ ವರಶಾಪವೋ ಅಲ್ಲ, ಅವನ ಮನೆತನ, ಹಣ, ಶಿಕ್ಷಣ, ಕಾನೂನುಗಳ ಒತ್ತಡ ಎಂಬುದು ಅದರ ಮೂಲ ನಿಲುವು. ನಾರ್ವೆಯ ಹೆನ್ರಿಕ್ ಇಬ್ಸೆನ್ 1879ರಲ್ಲಿ ಬರೆದ ‘ಎ ಡಾಲ್ಸ್ ಹೌಸ್’ ನಾಟಕದ ನಾಯಕಿ ನೋರಾ ಗಂಡನ ಜೀವ ಉಳಿಸಲು ಸಾಲ ತರಬೇಕಾಗುತ್ತದೆ. ಹೆಂಡತಿಯಾದವಳು ಸ್ವತಂತ್ರವಾಗಿ ಸಾಲ ಪಡೆಯಲಾಗದ ವ್ಯವಸ್ಥೆಯಲ್ಲಿ ಅವಳು ಕಳ್ಳಸಹಿ ಹಾಕುತ್ತಾಳೆ. ಅವಳ ತಪ್ಪಿನ ಬೇರು ಅವಳ ಸ್ವಭಾವಕ್ಕಿಂತ ಹೆಚ್ಚಾಗಿ ಆ ವ್ಯವಸ್ಥೆಯಲ್ಲಿದೆ.

ಪೌರಾಣಿಕ ಕಥೆ, ಹಾಡು, ವೈಭವದ ಪರದೆಗಳಿಂದ ಮೆರೆಯುತ್ತಿದ್ದ ಕನ್ನಡ ಕಂಪನಿ ನಾಟಕಗಳ ಕಾಲದಲ್ಲಿ ಈ ದೃಷ್ಟಿಯನ್ನು ಮನೆಯಂಗಳಕ್ಕೆ ತಂದವರು, ಲಂಡನ್ನಿನಲ್ಲಿ ಭೂವಿಜ್ಞಾನ ಕಲಿತು ಬಂದು ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯ ನೌಕರಿಯನ್ನೂ ತೊರೆದ ಟಿ. ಪಿ. ಕೈಲಾಸಂ. 1918ರ ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯಲ್ಲಿ ಮುಂದಿರುವ ಪುಟ್ಟುವಿಗಿಂತ, ಓದಿನಲ್ಲಿ ಹಿಂದುಳಿದರೂ ಮನೆಯವರ ಕಷ್ಟಕ್ಕೆ ಒದಗುವ ಮಾಧುವೇ ಗಟ್ಟಿಯೆಂದು ತೋರುವಾಗ ಅವರು ಪ್ರಶ್ನಿಸುವುದು ಒಬ್ಬ ಹುಡುಗನನ್ನಲ್ಲ, ಅಂಕಗಳಿಂದ ಮನುಷ್ಯನನ್ನು ಅಳೆಯುವ ಶಿಕ್ಷಣವನ್ನು. ಅವರ ಪಾತ್ರಗಳು ಆಡುವ ಇಂಗ್ಲಿಷ್ ಬೆರೆತ ಕನ್ನಡ ಹಲವರಿಗೆ ಕೇವಲ ವಿನೋದವಾಗಿ ಕಂಡಿದೆ; ಆದರೆ ಹೊಸ ವಿದ್ಯೆ ಮತ್ತು ಸರ್ಕಾರಿ ನೌಕರಿಯ ಹಂಬಲ ಒಂದು ವರ್ಗದ ನಾಲಗೆಯನ್ನು ಹೇಗೆ ಬದಲಿಸಿತೆಂಬುದಕ್ಕೆ ಅದಕ್ಕಿಂತ ನಿಖರವಾದ ಸಾಕ್ಷ್ಯ ಆ ಕಾಲದ ನಾಟಕಗಳಲ್ಲಿ ವಿರಳ.

ಆದರೂ ಕೈಲಾಸಂ ತೆರೆದು ತೋರಿಸಿದ್ದು ಬಹುಪಾಲು ಮೇಲ್ಜಾತಿಯ ಮಧ್ಯಮ ವರ್ಗದ ಮನೆಗಳನ್ನೇ. ವಾಸ್ತವವಾದದ ತರ್ಕವನ್ನು ಕೋಲಾರದ ಚಿನ್ನದ ಗಣಿಗೆ, ಅಂದರೆ ಕೆ.ಜಿ.ಎಫ್.ಗೆ, ಒಯ್ದರೆ ಈ ಮಿತಿ ಸ್ಪಷ್ಟವಾಗುತ್ತದೆ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಬೆಳೆದ ಈ ಊರಿಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಆದರೆ ಅದು ಬಂದದ್ದು ಮೊದಲಾಗಿ ಗಣಿಯ ಯಂತ್ರಗಳಿಗಾಗಿ. ಒಂದೆಡೆ ಯುರೋಪಿಯನ್ ಅಧಿಕಾರಿಗಳ ಬಂಗಲೆಗಳು, ಇನ್ನೊಂದೆಡೆ ತಮಿಳು, ತೆಲುಗು ಸೀಮೆಗಳಿಂದ ಬಂದ, ಹೆಚ್ಚಿನವರು ದಲಿತರೇ ಆಗಿದ್ದ ಕಾರ್ಮಿಕರ ‘ಲೈನು’ಗಳು, ಹೀಗೆ ಯಾರು ಎಲ್ಲಿ ವಾಸಿಸಬೇಕು, ಯಾರು ಎಷ್ಟು ಆಳಕ್ಕೆ ಇಳಿಯಬೇಕು ಎಂಬುದನ್ನು ವ್ಯಕ್ತಿಯ ಗುಣಕ್ಕಿಂತ ಅವನ ಹುಟ್ಟೇ ನಿರ್ಧರಿಸುತ್ತಿತ್ತು.

2001ರಲ್ಲಿ ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯ ಮೂಲಕ ಬೆಂಗಳೂರಿನ ಕೆಲಸಗಳಿಗೆ ದಿನವೂ ರೈಲಿನಲ್ಲಿ ಹೋಗಿಬರುವವರ ಬದುಕು ಇದೇ ಕಾರಣಸರಣಿಯ ಮುಂದುವರಿಕೆ. ಅವರ ಕುರಿತು ನಾಟಕ ಬರೆಯುವವರು ಕೆಲಸ ಕಳೆದುಕೊಂಡವನ ಸಂಕಟವನ್ನಷ್ಟೇ ಅಲ್ಲದೆ, ಗಣಿ, ವಸತಿ, ಜಾತಿ, ರೈಲು ಒಂದಕ್ಕೊಂದು ಹೆಣೆದುಕೊಂಡ ಬಗೆಯನ್ನೂ ತೋರಬೇಕಾಗುತ್ತದೆ. ಮನೆಯಲ್ಲಿ ತಮಿಳು, ಪೇಟೆಯಲ್ಲಿ ತೆಲುಗು ಮತ್ತು ಕನ್ನಡ, ಕಂಪನಿಯ ಕಾಗದಗಳಲ್ಲಿ ಇಂಗ್ಲಿಷು ಬಳಸಿದ ಈ ಜನರ ಮಾತನ್ನು ಒಂದೇ ಗ್ರಾಂಥಿಕ ಕನ್ನಡಕ್ಕೆ ಇಳಿಸದೆ, ತಮಿಳು ಮನೆಮಾತಿನ ಕೈಲಾಸಂ ಬೆಂಗಳೂರಿನ ಮನೆಗಳ ಬೆರಕೆ ನುಡಿಗೆ ಕೊಟ್ಟ ಮನ್ನಣೆಯನ್ನೇ ಅದಕ್ಕೂ ಕೊಡಬೇಕಾಗುತ್ತದೆ.