ಪಂಕ್ತಿ ಮತ್ತು ವೃತ್ತ

ಪಂಕ್ತಿ ಎಂದಮೇಲೆ ಅದಕ್ಕೊಂದು ತಲೆ, ಒಂದು ಬಾಲ ಇದ್ದೇ ಇರುತ್ತದೆ. ಊಟದ ಪಂಕ್ತಿಯಾಗಲಿ, ಟಿಕೆಟ್ಟಿನ ಕಿಟಕಿಯ ಮುಂದಣ ಸಾಲಾಗಲಿ, ಶಾಲೆಯ ಹಾಜರಿ ಪುಸ್ತಕವಾಗಲಿ, ಯಾರೋ ಒಬ್ಬರು ಮೊದಲಿಗರು, ಯಾರೋ ಒಬ್ಬರು ಕಡೆಯವರು. ಒಂದೇ ಸಾಲಿನಲ್ಲಿ ಕುಳ್ಳಿರಿಸಿ ಒಬ್ಬನಿಗೊಂದು, ಇನ್ನೊಬ್ಬನಿಗೊಂದು ಬಡಿಸುವುದನ್ನು ನಮ್ಮ ಹಿರಿಯರು ಪಂಕ್ತಿಭೇದವೆಂದು ಹಳಿದರು. ಆದರೆ ಬಡಿಸುವವನು ಎಷ್ಟೇ ನ್ಯಾಯವಂತನಾದರೂ ಸಾಲಿನ ತುದಿಯ ಎಲೆಗೆ ಅನ್ನ ಬರುವುದು ಕೊನೆಗೇ. ಧರ್ಮರಾಯನ ರಾಜಸೂಯದಲ್ಲಿ ಅಗ್ರಪೂಜೆ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಶಿಶುಪಾಲನ ತಲೆಯನ್ನೇ ತೆಗೆದುಕೊಂಡಿತು. ಸ್ಥಾನದ ಪ್ರಶ್ನೆ ಕ್ಷುಲ್ಲಕವೆನ್ನುವವರು ಆ ಸಭೆಯನ್ನೊಮ್ಮೆ ನೆನೆಯಬೇಕು.

ಇಂದು ನಾವು ದಿನಕ್ಕೆ ಹತ್ತಾರು ಬಾರಿ ಕಾಣುವ ಪಂಕ್ತಿಯೊಂದಿದೆ. ಕಂಪ್ಯೂಟರಿನ ಪರದೆಯ ಮೂಲೆಯನ್ನು ಒತ್ತಿದರೆ ಮೇಲಿಂದ ಕೆಳಕ್ಕೆ ಇಳಿಯುವ ಮೆನುವೇ ಅದು. ಪತ್ರ ಬರೆಯುವ ಸಾಧನ, ಲೆಕ್ಕ ಮಾಡುವ ಸಾಧನ, ಹಾಡು ಕೇಳಿಸುವ ಸಾಧನ, ಎಲ್ಲವೂ ಅದರಲ್ಲಿ ಸಾಲಾಗಿ ನಿಂತಿರುತ್ತವೆ. ಕಣ್ಣು ಮೇಲಿನಿಂದ ಓದುತ್ತ ಬರುತ್ತದೆ, ಕೈ ಅದನ್ನು ಹಿಂಬಾಲಿಸುತ್ತದೆ. ಈ ಕ್ರಮವನ್ನು ಯಾರು ಗೊತ್ತುಮಾಡಿದರೆಂದು ನಾವು ಕೇಳುವುದಿಲ್ಲ. ಮೇಲಿದ್ದದ್ದು ಮೇಲಿರಲು ಯೋಗ್ಯವಾದದ್ದೆಂದೇ ನಂಬಿಬಿಡುತ್ತೇವೆ.

ಈ ಸಾಲನ್ನು ಮುರಿದು ದುಂಡಗೆ ಮಾಡಿದರೆ ಹೇಗೆ ಎಂದು ಯೋಚಿಸಿದವರಿದ್ದಾರೆ. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, ಬೇಕಾದವರು ಬಿಚ್ಚಿ ನೋಡಿ ತಿದ್ದಿಕೊಳ್ಳಬಹುದಾದ ತಂತ್ರಾಂಶ. ಅದನ್ನು ಬಳಸುವವರಿಗಾಗಿ ‘ಗ್ನೋಮ್-ಪೈ’ ಎಂಬ ಪುಟ್ಟ ಸಾಧನವೊಂದು ಹುಟ್ಟಿತು. ನಮ್ಮ ಕರಾವಳಿಯ ಪೈಗಳಿಗೂ ಇದಕ್ಕೂ ನಂಟಿಲ್ಲ; ಪೈ ಎಂದರೆ ಪಾಶ್ಚಾತ್ಯರು ತುಂಡು ತುಂಡಾಗಿ ಕೊಯ್ದು ಹಂಚುವ ದುಂಡನೆಯ ಭಕ್ಷ್ಯ. ಅದರ ಕರ್ತೃವೇ ಈಚೆಗೆ ‘ಕ್ಯಾಂಡೊ’ ಎಂಬ ಇನ್ನೊಂದನ್ನು ರಚಿಸಿದ್ದಾರೆ. ಎರಡರ ರೀತಿಯೂ ಹೆಚ್ಚುಕಡಮೆ ಒಂದೇ. ಕೀಲಿಮಣೆಯಲ್ಲಿ ಗೊತ್ತಾದ ಕೀಲಿಗಳನ್ನು ಒತ್ತಿದೊಡನೆ, ಮೌಸಿನ ಬಾಣ ಎಲ್ಲಿ ನಿಂತಿದೆಯೋ ಅಲ್ಲಿಯೇ, ಅದರ ಸುತ್ತಲೂ ಒಂದು ವೃತ್ತ ಅರಳುತ್ತದೆ. ಸಾಧನಗಳ ಚಿಹ್ನೆಗಳು ಗಡಿಯಾರದ ಅಂಕೆಗಳಂತೆ ಸುತ್ತ ಕುಳಿತಿರುತ್ತವೆ. ಬೇಕಾದ ದಿಕ್ಕಿಗೆ ಕೈಯನ್ನು ಒಂದಿಷ್ಟು ಸರಿಸಿದರಾಯಿತು, ಅದು ತೆರೆದುಕೊಳ್ಳುತ್ತದೆ.

ಇದು ಬರಿಯ ಅಲಂಕಾರವೆಂದು ಎಣಿಸಬೇಡಿ. ಒಂದು ಗುರಿಯನ್ನು ಮುಟ್ಟಲು ಕೈಗೆ ಬೇಕಾಗುವ ಕಾಲವು ಆ ಗುರಿಯ ದೂರವನ್ನೂ ಅದರ ಅಗಲವನ್ನೂ ಅವಲಂಬಿಸಿದೆಯೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿ ತೋರಿಸಿಕೊಟ್ಟರು. ವೃತ್ತದಲ್ಲಿ ಪ್ರತಿಯೊಂದು ತುಂಡೂ ನಡುವಿನಿಂದ ಒಂದೇ ದೂರದಲ್ಲಿದೆ, ಹೊರಕ್ಕೆ ಹೋದಂತೆ ಅಗಲವಾಗುತ್ತದೆ. 1988ರಲ್ಲಿ ಮೇರಿಲೆಂಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಎಂಟು ಪದಗಳ ಮೆನುವನ್ನು ಸಾಲಾಗಿಯೂ ದುಂಡಗೂ ಜೋಡಿಸಿ ಪರೀಕ್ಷಿಸಿದಾಗ, ವೃತ್ತದಲ್ಲಿ ಆಯ್ಕೆಯ ಕಾಲ ಸುಮಾರು ನೂರಕ್ಕೆ 15ರಷ್ಟು ಕಡಮೆಯಾದದ್ದು ಕಂಡುಬಂದಿತು.

ಆದರೆ ನಮ್ಮ ಪ್ರಶ್ನೆ ವೇಗದ್ದಲ್ಲ, ನ್ಯಾಯದ್ದು. ವೃತ್ತದಲ್ಲಿ ಮೊದಲನೆಯವರಿಲ್ಲ, ಕಡೆಯವರಿಲ್ಲ. ಸಮಾನತೆಯ ಚಿತ್ರವನ್ನು ಬರೆ ಎಂದು ಮಗುವಿಗೆ ಹೇಳಿದರೆ ಅದು ಬಹುಶಃ ಒಂದು ವೃತ್ತವನ್ನೇ ಬರೆದೀತು. ವಿಯೆಟ್ನಾಮ್ ಯುದ್ಧದ ಶಾಂತಿ ಮಾತುಕತೆಗೆ ಪ್ಯಾರಿಸ್ಸಿನಲ್ಲಿ ಕೂಡಿದವರು ಮೇಜಿನ ಆಕಾರ ಹೇಗಿರಬೇಕೆಂದು ವಾರಗಟ್ಟಲೆ ಜಗಳವಾಡಿ, 1969ರ ಜನವರಿಯಲ್ಲಿ ಒಂದು ದುಂಡುಮೇಜಿಗೆ ಒಪ್ಪಿದರು. ಅತ್ತ ರಣರಂಗದಲ್ಲಿ ಜನ ಸಾಯುತ್ತಿರುವಾಗ ಇದೆಂಥ ಹುಚ್ಚು ಎಂದು ಲೋಕ ನಕ್ಕಿತು. ಮೇಜಿನ ಆಕಾರವೇ ಯಾರು ಯಾರಿಗೆ ಸಮಾನರೆಂಬುದನ್ನು ಸಾರಿಬಿಡುತ್ತದೆಂದು ಜಗಳವಾಡುತ್ತಿದ್ದವರಿಗೆ ಗೊತ್ತಿತ್ತು.

ಪರದೆಯ ಮೇಲಿನ ಸ್ಥಾನಕ್ಕೂ ಇಂಥದೇ ಬೆಲೆಯುಂಟು. ಇಂಟರ್‌ನೆಟ್ ನೋಡಲು ಮೈಕ್ರೋಸಾಫ್ಟ್ ತನ್ನದೇ ಬ್ರೌಸರನ್ನು ವಿಂಡೋಸಿನ ಜೊತೆಗೆ ಕಟ್ಟಿಕೊಡುತ್ತಿದ್ದುದಕ್ಕೆ ಯೂರೋಪಿಯನ್ ಆಯೋಗ ಆಕ್ಷೇಪವೆತ್ತಿತು. ಅದರ ಫಲವಾಗಿ 2010ರಲ್ಲಿ ಅಲ್ಲಿನ ಬಳಕೆದಾರರ ಮುಂದೆ ಆಯ್ಕೆಯ ಪರದೆಯೊಂದು ಬಂತು. ಮುಖ್ಯ ಬ್ರೌಸರುಗಳ ಹೆಸರುಗಳನ್ನು ಚೀಟಿಯೆತ್ತಿದ ಹಾಗೆ ಅದಲುಬದಲು ಮಾಡಿ ತೋರಿಸಬೇಕೆಂಬುದು ಏರ್ಪಾಡು. ಸಾಲಿನಲ್ಲಿ ಮೊದಲು ನಿಲ್ಲುವುದೇ ಒಂದು ಲಾಭವೆಂದು ಎಲ್ಲರೂ ಒಪ್ಪಿದಂತಾಯಿತಲ್ಲವೆ? ಮುಂದೆ ಆ ಪರದೆ ಬಹುಕಾಲ ಕೆಲವು ಕಂಪ್ಯೂಟರುಗಳಲ್ಲಿ ಕಾಣಿಸದೆ ಹೋದದ್ದಕ್ಕೆ 2013ರಲ್ಲಿ ಕಂಪೆನಿಯ ಮೇಲೆ 56.1 ಕೋಟಿ ಯೂರೋ ದಂಡ ಬಿತ್ತು.

ಹಾಗಾದರೆ ಸಾಲನ್ನು ವೃತ್ತವಾಗಿಸಿದೊಡನೆ ನ್ಯಾಯ ದೊರಕಿತೆ? ಇಲ್ಲಿ ಸ್ವಲ್ಪ ನಿಲ್ಲಬೇಕು. ವೃತ್ತಕ್ಕೆ ಒಂದು ಮಿತಿಯಿದೆ. ಎಂಟು ತುಂಡುಗಳವರೆಗೆ ಕೈಗೆ ದಿಕ್ಕು ತಪ್ಪುವುದಿಲ್ಲ. ಇಪ್ಪತ್ತನ್ನು ತುರುಕಿದರೆ ಒಂದೊಂದೂ ದಾರದಷ್ಟು ತೆಳ್ಳಗಾಗಿ, ಹಾಡನ್ನು ಬಯಸಿದವನಿಗೆ ಲೆಕ್ಕ ತೆರೆಯುತ್ತದೆ. ಆದ್ದರಿಂದ ಕೆಲವನ್ನು ಒಳಗೆ ಕರೆಯಬೇಕು, ಉಳಿದದ್ದನ್ನು ಇನ್ನೊಂದು ವೃತ್ತದ ಹಿಂದೆ ನಿಲ್ಲಿಸಬೇಕು. ಸಾಲಿನಲ್ಲಿ ಕಡೆಯವನಿಗೂ ಒಂದು ಎಲೆಯಿತ್ತು, ತಡವಾಗಿಯಾದರೂ ಅನ್ನ ಬರುತ್ತಿತ್ತು. ವೃತ್ತದಲ್ಲಿ ಒಳಗಿರುವವರೆಲ್ಲ ಸಮಾನರು. ಹೊರಗಿರುವವರು ಎಣಿಕೆಗೇ ಇಲ್ಲ. ಅನ್ಯಾಯ ಅಳಿಯಲಿಲ್ಲ, ಸಾಲಿನ ತುದಿಯಿಂದ ಎದ್ದು ಬಾಗಿಲಿಗೆ ಬಂದು ಕುಳಿತಿತು.

ಆ ಬಾಗಿಲನ್ನು ಕಾಯುವವರು ಯಾರು? ಇಲ್ಲಿಯೇ ಲಿನಕ್ಸಿನ ಈ ಪುಟ್ಟ ಸಾಧನ ನಮ್ಮನ್ನು ಮುಜುಗರಕ್ಕೆ ಗುರಿಮಾಡುತ್ತದೆ. ಅದರ ಕಾವಲುಗಾರ ಯಾವ ಕಂಪೆನಿಯೂ ಅಲ್ಲ, ಬಳಸುವವನೇ. ಯಾವ ದಿಕ್ಕಿನಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಅವನು ತಾನೇ ಕುಳಿತು ಗೊತ್ತುಮಾಡಿಕೊಳ್ಳಬಹುದು. ತಪ್ಪನ್ನು ಹೊರಿಸಲು ಹೊರಗಿನವರೊಬ್ಬರು ಸಿಕ್ಕುವುದಿಲ್ಲ.

ನಮ್ಮ ಅಡಿಗೆಮನೆಯ ಒಗ್ಗರಣೆ ಡಬ್ಬಿಯನ್ನು ನೋಡಿ. ದುಂಡು ಡಬ್ಬಿಯೊಳಗೆ ನಡುವೆ ಒಂದು ಬಟ್ಟಲು, ಸುತ್ತ ಆರು. ಸಾಸಿವೆ, ಜೀರಿಗೆ, ಉದ್ದಿನಬೇಳೆ, ಮೆಂತ್ಯ, ಎಲ್ಲಕ್ಕೂ ಗೊತ್ತಾದ ಜಾಗ. ಎಣ್ಣೆ ಕಾದಾಗ ಗೃಹಿಣಿ ಡಬ್ಬಿಯತ್ತ ನೋಡುವುದೇ ಇಲ್ಲ; ಕೈ ತಾನಾಗಿ ಸಾಸಿವೆಗೆ ಹೋಗುತ್ತದೆ. ದುಂಡು ಮೆನುವಿನ ಗುಣವೂ ಇದೇ. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಗಾರ್ಡನ್ ಕರ್ಟನ್‌ಬಾಕ್ 1990ರ ದಶಕದ ಆರಂಭದಲ್ಲಿ ನಡೆಸಿದ ಅಧ್ಯಯನಗಳು ಇದನ್ನು ಬೆಳಗಿಸಿದವು: ದಿಕ್ಕುಗಳು ರೂಢಿಯಾದವನಿಗೆ ಮೆನು ಕಾಣಿಸಲೇಬೇಕೆಂದಿಲ್ಲ, ಕೈ ಒಂದು ಗೆರೆ ಎಳೆದರೆ ಸಾಕು, ಕೆಲಸ ಮುಗಿಯುತ್ತದೆ.

ಕಣ್ಣಿಗೆ ಕೆಲಸವಿಲ್ಲ ಎಂದರೆ ಹೆಚ್ಚಿನ ಮಟ್ಟಿಗೆ ವಿಚಾರಕ್ಕೂ ಕೆಲಸವಿಲ್ಲ ಎಂದೇ ಅರ್ಥ. ಕೈ ಕಲಿತದ್ದನ್ನು ಮನಸ್ಸು ಮತ್ತೆ ಮತ್ತೆ ಪರಿಶೀಲಿಸುವುದಿಲ್ಲ. ಹಾಗಿದ್ದಲ್ಲಿ ನಾವು ನಿಜವಾಗಿ ಆರಿಸಿದ್ದು ಯಾವಾಗ? ಗೆರೆ ಎಳೆದ ಗಳಿಗೆಯಲ್ಲಿ ಅಲ್ಲ. ಎಂದೋ ಒಂದು ಸಂಜೆ, ವೃತ್ತದ ಎಂಟು ಮನೆಗಳಲ್ಲಿ ಏನೇನು ಇಡಬೇಕೆಂದು ಜೋಡಿಸುತ್ತ ಕುಳಿತೆವಲ್ಲ, ಆಗ. ನೀತಿಯ ಗ್ರಂಥಗಳು ಸಾಮಾನ್ಯವಾಗಿ ಕವಲುದಾರಿಯಲ್ಲಿ ನಿಂತ ಮನುಷ್ಯನನ್ನು ನಮಗೆ ತೋರಿಸುತ್ತವೆ: ಇತ್ತ ಧರ್ಮ, ಅತ್ತ ಅಧರ್ಮ, ನಡುವೆ ತೂಗಾಡುವ ಮನಸ್ಸು. ದಿನನಿತ್ಯದ ಬಾಳಿನಲ್ಲಿ ಅಂಥ ಕವಲು ಅಪರೂಪ. ಹತ್ತಿರ ಏನನ್ನು ಇಟ್ಟುಕೊಂಡೆವು, ದೂರ ಏನನ್ನು ಸರಿಸಿದೆವು ಎಂಬುದರಲ್ಲಿಯೇ ನಮ್ಮ ಬಹುಪಾಲು ನಿರ್ಧಾರಗಳು ಸದ್ದಿಲ್ಲದೆ ಆಗಿಹೋಗಿರುತ್ತವೆ.

ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಿ. ಅವನ ವೃತ್ತದಲ್ಲಿ ಬಲಕ್ಕೆ ಆಟ, ಎಡಕ್ಕೆ ಸಿನಿಮಾ, ಮೇಲಕ್ಕೆ ಹರಟೆ, ಕೆಳಕ್ಕೆ ಪೇಟೆಯ ಖರೀದಿ. ಊರಿನಲ್ಲಿರುವ ತಾಯಿಯ ಮುಖ ಕಾಣುವಂತೆ ಮಾತನಾಡಿಸುವ ಸಾಧನ ಮೂರನೆಯ ವೃತ್ತದ ಒಳಗೆಲ್ಲೋ ಇದೆ. ಅರ್ಧ ಬರೆದು ನಿಲ್ಲಿಸಿದ ಪುಸ್ತಕ ಅದಕ್ಕೂ ಆಚೆ. ವರ್ಷ ಕಳೆದಮೇಲೆ ‘ಏನು ಮಾಡಲಿ, ಪುರಸತ್ತೇ ಆಗಲಿಲ್ಲ’ ಎಂದು ಅವನು ಹೇಳಿದರೆ ಅದು ಸುಳ್ಳಲ್ಲ. ಯಾವ ದಿನವೂ ಅವನು ‘ತಾಯಿಗಿಂತ ಆಟ ಮೇಲು’ ಎಂದು ತೀರ್ಮಾನಿಸಲಿಲ್ಲ. ಆ ತೀರ್ಮಾನವನ್ನು ಅವನ ಕೈ ದಿನಕ್ಕೆ ಹತ್ತು ಸಲ ಜಾರಿಗೆ ತಂದಿತು, ಅಷ್ಟೆ.

ಇದಕ್ಕೆ ಒಂದು ಆಕ್ಷೇಪವುಂಟು. ಒಳ್ಳೆಯದನ್ನು ಕೈಗೆಟಕುವಂತೆ ಇಟ್ಟುಕೊಂಡು ಮಾಡಿದರೆ ಅದರಲ್ಲಿ ಏನು ಹಿರಿಮೆ? ಕಷ್ಟಪಟ್ಟು ಗೆದ್ದದ್ದಲ್ಲವೆ ಶೀಲ? ಈ ಮಾತಿನಲ್ಲಿ ಸ್ವಲ್ಪ ಸತ್ಯವೂ ಬಹಳ ಅಹಂಕಾರವೂ ಇದೆ. ಮನುಷ್ಯನ ಸಂಕಲ್ಪಶಕ್ತಿ ಚಿಕ್ಕದು. ಸಂಜೆಯ ಹೊತ್ತಿಗೆ ಅದು ಬತ್ತಿರುತ್ತದೆ. ನಾಳೆ ದಣಿದಿರುವ ತನಗಾಗಿ ಇಂದು ದಣಿಯದಿರುವವನು ದಾರಿ ಸಮಮಾಡಿಡುವುದರಲ್ಲಿ ನಾಚಿಕೆಪಡುವಂಥದೇನಿದೆ? ನಮ್ಮಲ್ಲಿ ವ್ರತಗಳಿಗೆ ತಿಥಿ, ವಾರ ಗೊತ್ತುಮಾಡಿದ್ದರಲ್ಲಿಯೂ ಇದೇ ಜಾಣತನವಿದೆ. ಉಪವಾಸ ಮಾಡಲೇ ಬಿಡಲೇ ಎಂದು ಪ್ರತಿ ಬೆಳಗ್ಗೆಯೂ ಯೋಚಿಸುವವನು ಉಪವಾಸ ಮಾಡುವುದು ಕಷ್ಟ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನಿನ್ನೆಯ ನಾನು ಇಂದಿನ ನನ್ನನ್ನು ಆಳುವುದು ಸ್ವಾತಂತ್ರ್ಯವೆ? ಜೋಡಣೆಯನ್ನು ಬದಲಿಸುವ ಹಕ್ಕು ಇರುವವರೆಗೆ ಹೌದು. ಆದರೆ ದಿನವೂ ಬದಲಿಸಿದರೆ ಕೈ ಏನನ್ನೂ ಕಲಿಯದು. ಮೈಕ್ರೋಸಾಫ್ಟಿನ ಆಫೀಸ್ 2000ದಲ್ಲಿ ಒಂದು ಪ್ರಯೋಗ ನಡೆಯಿತು. ಬಳಸುವವನು ಯಾವುದನ್ನು ಹೆಚ್ಚು ಮುಟ್ಟುತ್ತಾನೆಂದು ಯಂತ್ರವೇ ಗಮನಿಸಿ, ಮುಟ್ಟದವುಗಳನ್ನು ಮರೆಮಾಡಿ, ಮೆನುವನ್ನು ತಾನಾಗಿ ಚಿಕ್ಕದಾಗಿಸುತ್ತಿತ್ತು. ಉದ್ದೇಶ ಸೇವೆಯೇ, ಆದರೆ ನಿನ್ನೆ ಇದ್ದದ್ದು ಇಂದು ಇಲ್ಲವೆಂದು ಜನ ಬೇಸತ್ತರು. ಯಾರೋ ನಮ್ಮನ್ನು ಕೇಳದೆ ಒಗ್ಗರಣೆ ಡಬ್ಬಿಯ ಬಟ್ಟಲುಗಳನ್ನು ರಾತ್ರಿ ಅದಲುಬದಲು ಮಾಡಿಟ್ಟರೆ ಬೆಳಗಿನ ಸಾರಿನ ಗತಿಯೇನು? ಅದಕ್ಕಿಂತ ಗಂಭೀರವಾದ ದೋಷ ಇನ್ನೊಂದು. ನಾವು ಹೆಚ್ಚು ಮಾಡುವುದೇ ನಮಗೆ ಬೇಕಾದದ್ದೆಂದು ಯಂತ್ರ ತಿಳಿಯುತ್ತದೆ. ನಾವು ಏನಾಗಿದ್ದೇವೆಂಬುದನ್ನು ಅದು ಎಣಿಸಬಲ್ಲುದು, ಏನಾಗಲು ಬಯಸುತ್ತೇವೆಂಬುದನ್ನು ಎಣಿಸಲಾರದು. ಆ ಬಯಕೆಗೆ ವೃತ್ತದಲ್ಲಿ ಒಂದು ಮನೆ ಕೊಡಬಲ್ಲವರು ನಾವು ಮಾತ್ರ.

ಎಲ್ಲರಿಗೂ ಇದಕ್ಕೆ ವ್ಯವಧಾನವಿರುತ್ತದೆಯೆ ಎಂದರೆ, ಇಲ್ಲ. ಜೋಡಿಸಿಕೊಳ್ಳುವ ಸ್ವಾತಂತ್ರ್ಯ ಒಂದು ಸಂಜೆಯ ಬಿಡುವನ್ನು ಬೇಡುತ್ತದೆ, ಒಂದಿಷ್ಟು ತಿಳಿವಳಿಕೆಯನ್ನೂ ಬೇಡುತ್ತದೆ. ಬಹುಮಂದಿ ಫೋನು ಅಂಗಡಿಯಿಂದ ಬಂದಾಗ ಹೇಗಿತ್ತೋ ಹಾಗೆಯೇ ಬಳಸುತ್ತಾರೆ. ಅವರನ್ನು ಸೋಮಾರಿಗಳೆಂದು ಜರೆಯುವುದು ತರವಲ್ಲ. ಅದಕ್ಕಾಗಿಯೇ ಇತರರಿಗಾಗಿ ಜೋಡಿಸುವವರ ಹೊಣೆ ದೊಡ್ಡದು. ಫೋನು ತಯಾರಿಸುವವರಿರಲಿ, ಕಚೇರಿಯ ಅರ್ಜಿಯನ್ನು ಅಚ್ಚುಮಾಡಿಸುವವರಿರಲಿ, ಯಾವ ಸುದ್ದಿ ಮೊದಲ ಪುಟಕ್ಕೆ ಎಂದು ಗೊತ್ತುಮಾಡುವ ಸಂಪಾದಕರಿರಲಿ, ಅವರು ಜನರ ಪರವಾಗಿ ಮುಂಚಿತವಾಗಿಯೇ ಆರಿಸಿರುತ್ತಾರೆ. ‘ಆಯ್ಕೆ ನಿಮ್ಮದೇ’ ಎಂದು ಅವರು ಕೈತೊಳೆದುಕೊಳ್ಳುವಂತಿಲ್ಲ.

ಕೊನೆಗೆ ಇನ್ನೊಂದು ಮಾತು. ದುಂಡುಮೇಜಿನ ಸಭೆಗೂ ದುಂಡು ಮೆನುವಿಗೂ ಒಂದು ಅಂತರವಿದೆ. ಮೇಜಿನ ನಡುವೆ ಯಾರೂ ಕುಳಿತಿರುವುದಿಲ್ಲ. ಸುತ್ತ ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಮೆನುವಿನ ನಡುವೆ ನಮ್ಮ ಕೈಯಿದೆ. ಎಲ್ಲವೂ ಸಮಾನ ದೂರದಲ್ಲಿವೆ ಎಂದರೆ ನಮ್ಮಿಂದ ಸಮಾನ ದೂರದಲ್ಲಿವೆ ಎಂದರ್ಥ. ಸಾಧನಗಳನ್ನು ಹೀಗೆ ಇಟ್ಟುಕೊಂಡರೆ ತಪ್ಪಿಲ್ಲ, ಅವು ಇರುವುದೇ ಕೈಗಾಗಿ. ಮನುಷ್ಯರನ್ನೂ ಹೀಗೆ ಸುತ್ತ ಜೋಡಿಸಿ, ತಾನು ನಡುವೆ ನಿಂತು, ಎಲ್ಲರನ್ನೂ ಸಮನಾಗಿ ಕಾಣುತ್ತಿದ್ದೇನೆಂದು ಹೇಳಿಕೊಳ್ಳುವವನು ಮಾತ್ರ ಎಚ್ಚರವಾಗಿರಬೇಕು. ಅಗ್ರಸ್ಥಾನವನ್ನು ಅವನು ರದ್ದುಮಾಡಿಲ್ಲ. ಯಾರಿಗೂ ಕಾಣದಂತೆ ನಡುವಿಗೆ ತಂದು ತಾನೇ ಕುಳಿತಿದ್ದಾನೆ.