ಮೆಚ್ಚುಗೆಯ ಋಣ

ಜನರು ಒಮ್ಮೆ ಮೆಚ್ಚಿದುದನ್ನೇ ಮರಳಿ ಮರಳಿ ಕೊಡುವುದು ಕಲಾವಿದನ ಋಣವೆ? ಅಮೆರಿಕೆಯ ಎಂಜಿಎಂಟಿ ಎಂಬ ರಾಕ್ ವಾದ್ಯವೃಂದದ ವೃತ್ತಾಂತವು ಈ ಪ್ರಶ್ನೆಯನ್ನೆಬ್ಬಿಸುತ್ತದೆ. 2007ರಲ್ಲಿ ಹೊರಬಂದ ಅವರ ಮೊದಲನೆಯ ಗೀತಸಂಪುಟದ 'ಕಿಡ್ಸ್' ಮೊದಲಾದ ಹಾಡುಗಳು ಲೋಕಪ್ರಿಯವಾದುವು. 2010ರಲ್ಲಿ, ಅಭಿನಂದನೆಯೆಂಬರ್ಥದ 'ಕಂಗ್ರ್ಯಾಚುಲೇಷನ್ಸ್' ಎಂಬ ಎರಡನೆಯ ಸಂಪುಟದಲ್ಲಿ ಅವರು ಆ ಜಾಡನ್ನೇ ತೊರೆದರು. 'ಸೈಬೀರಿಯನ್ ಬ್ರೇಕ್ಸ್' ಎಂಬ ಹಾಡಂತೂ ಸುಮಾರು 12 ನಿಮಿಷ ನಡೆದು, ಹಲವು ಬಾರಿ ಧಾಟಿಯನ್ನು ಬದಲಿಸುತ್ತದೆ. ಕೇಳುಗರಲ್ಲಿ ಅನೇಕರು ನಿರಾಶರಾದರು. ಆ ನಿರಾಶೆಯು ಅಲ್ಲಗಳೆಯತಕ್ಕದ್ದಲ್ಲ. ಆದರೆ ಕೇಳುಗನಿಗೆ ಸಲ್ಲಬೇಕಾದುದು ಶ್ರದ್ಧೆಯ ದುಡಿಮೆಯೇ ಹೊರತು ಹಳೆಯ ಹಾಡಿನ ಪಡಿಯಚ್ಚಲ್ಲ. ಪ್ರೇಯಸ್ಸು ಬೇರೆ, ಶ್ರೇಯಸ್ಸು ಬೇರೆ ಎಂಬುದು ಕಠೋಪನಿಷತ್ತಿನ ವಿವೇಕ. ಹೊಸತೆಲ್ಲವೂ ಶ್ರೇಯಸ್ಸಲ್ಲ, ದಿಟ. ಆದರೂ ಮೆಚ್ಚುಗೆ ತಪ್ಪೀತೆಂದು ಅಂಜಿ ತನ್ನನ್ನೇ ಅನುಕರಿಸುವವನು, ಜೀವವಿಲ್ಲದುದನ್ನು ಜೀವಂತವೆಂದು ಕೇಳುಗನ ಕೈಗೊಪ್ಪಿಸುತ್ತಾನೆ. ಋಣವು ತೀರುವುದು ಅದರಿಂದಲ್ಲ.