‘ಪರವಾಗಿಲ್ಲ ಸರ್’

ಚೆನ್ನೈನ ಮರೀನಾ ತೀರದಲ್ಲಿ ನಾಲ್ವರು ಕಾರ್ಮಿಕರು ಬಂಡೆಯೊಂದನ್ನು ಸರಿಸಲು ಹೆಣಗುತ್ತಿರುವ ಪ್ರತಿಮೆಯಿದೆ. ಅದರೆದುರು ಹಾದುಹೋಗುವಾಗಲೆಲ್ಲ ನನಗೆ 2023ರ ಏಪ್ರಿಲ್ ನೆನಪಾಗುತ್ತದೆ.

ಆ ತಿಂಗಳ 21ರಂದು ತಮಿಳುನಾಡು ವಿಧಾನಸಭೆ, ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ತಂದದ್ದು ಡಿಎಂಕೆ ಸರ್ಕಾರ. ಎರಡು ತಿಂಗಳ ಹಿಂದಷ್ಟೇ ಕರ್ನಾಟಕದಲ್ಲಿ ಬಿಜೆಪಿ ಸರ್ಕಾರ ಅಂಥದ್ದೇ ತಿದ್ದುಪಡಿ ತಂದಿತ್ತು. ಮೇ ತಿಂಗಳಲ್ಲಿ ಅಲ್ಲಿ ಕಾಂಗ್ರೆಸ್ ಬಂತು. ಮರುವರ್ಷ ಐಟಿ ನೌಕರರಿಗೆ 14 ಗಂಟೆಯ ದಿನದ ಪ್ರಸ್ತಾಪ ಮೇಲೆದ್ದಿತು.

ತಮಿಳುನಾಡಿನಲ್ಲಿ ನಡೆದದ್ದೇ ಬೇರೆ. ಕಾರ್ಮಿಕ ಸಂಘಗಳು ಸಿಡಿದೆದ್ದವು, ಮಿತ್ರಪಕ್ಷಗಳೇ ವಿರೋಧಿಸಿದವು. ಮೂರೇ ದಿನಕ್ಕೆ ಮಸೂದೆಗೆ ತಡೆ ಬಿತ್ತು. ಮೇ 1ರಂದು ಮುಖ್ಯಮಂತ್ರಿ ಸ್ಟಾಲಿನ್ ಅದನ್ನು ಹಿಂಪಡೆದಿದ್ದಾಗಿ ಸಾರಿದರು. ಸಿಂಗಾರವೇಲರ್ ಇದೇ ಊರಿನಲ್ಲಿ ದೇಶದ ಮೊದಲ ಮೇ ದಿನ ಆಚರಿಸಿ ಅಂದಿಗೆ ಸರಿಯಾಗಿ 100 ವರ್ಷ.

ಒಂದು ಕಡೆ ಸರ್ಕಾರ ಬದಲಾಯಿತು, ದುಡಿಮೆಯ ಗಂಟೆಗಳ ಮೇಲಿನ ಕಣ್ಣು ಬದಲಾಗಲಿಲ್ಲ. ಇನ್ನೊಂದು ಕಡೆ ಸರ್ಕಾರ ಹಾಗೇ ಇತ್ತು, ಅದರ ನಿರ್ಧಾರ ಬದಲಾಯಿತು. ಹಾಗಾದರೆ ಮತಕ್ಕೆ ಬೆಲೆಯಿಲ್ಲವೇ? ಇದೆ. ಕೂಗಿದರೆ ಯಾರಿಗೆ ಕೇಳಿಸೀತು ಎಂಬುದನ್ನು ಮತ ನಿರ್ಧರಿಸುತ್ತದೆ. ಆದರೆ ಕೂಗುವ ಕೆಲಸವನ್ನು ಅದು ಮಾಡುವುದಿಲ್ಲ.

ನನ್ನನ್ನು ಕಾಡಿದ್ದು ಮಸೂದೆಗೆ ಸಚಿವರು ಕೊಟ್ಟ ಸಮರ್ಥನೆ. ವಾರಕ್ಕೆ 48 ಗಂಟೆಯ ಮಿತಿ ಹಾಗೇ ಇರುತ್ತದೆ, ಒಪ್ಪಿದವರಿಗೆ ಮಾತ್ರ ಇದು ಅನ್ವಯ ಎಂದರು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಒಪ್ಪಿಗೆ ಎಂದರೇನು ಎಂಬುದು ಪ್ರಾಜೆಕ್ಟ್ ಮ್ಯಾನೇಜರ್ ಆದ ನನಗೆ ಚೆನ್ನಾಗಿ ಗೊತ್ತು. ರಿಲೀಸ್ ಇರುವ ದಿನ ಸಂಜೆ ತಂಡದ ಹುಡುಗನ ಮೇಜಿನ ಬಳಿ ನಿಂತು, "ಇವತ್ತು ಸ್ವಲ್ಪ ಹೊತ್ತು ಇರಲಿಕ್ಕಾಗುತ್ತಾ?" ಎನ್ನುತ್ತೇನೆ. "ಪರವಾಗಿಲ್ಲ ಸರ್" ಎನ್ನುತ್ತಾನೆ. ಇಷ್ಟು ವರ್ಷಗಳಲ್ಲಿ ಒಬ್ಬರೂ ಆಗುವುದಿಲ್ಲ ಎಂದದ್ದಿಲ್ಲ. ಅವರ ಅಪ್ರೈಸಲ್ ಬರೆಯುವವನು ನಾನೇ. ಟೈಮ್‌ಶೀಟಿನಲ್ಲಿ ಆ ದಿನವೂ ಒಂಬತ್ತು ಗಂಟೆ ಎಂದೇ ಇರುತ್ತದೆ, ಅದಕ್ಕೆ ಒಪ್ಪಿಗೆ ಒತ್ತುವವನೂ ನಾನೇ.

ಇಲ್ಲ ಎನ್ನಲು ಆಗದವನ ಹೌದು, ಒಪ್ಪಿಗೆಯಲ್ಲ. ಒಬ್ಬನೇ ಹೇಳಲಾಗದ ಆ 'ಇಲ್ಲ'ವನ್ನು ಹತ್ತು ಜನ ಸೇರಿ ಹೇಳುವುದಕ್ಕೇ ಸಂಘ ಇರುವುದು. ಸಂಘವೆಂದರೆ ಬರೀ ಗಲಾಟೆ ಎಂದು ನಂಬಿ ಬೆಳೆದ ನನಗೆ ಇದು ತಿಳಿಯಲು ನಲವತ್ತು ದಾಟಬೇಕಾಯಿತು.

ಸರ್ಕಾರ ಬದಲಾಗಲು ಐದು ವರ್ಷ ಕಾಯಬೇಕು. ಟೈಮ್‌ಶೀಟ್ ಮಾತ್ರ ಪ್ರತಿ ಶುಕ್ರವಾರ ಬರುತ್ತದೆ. ಅದರಲ್ಲಿ ನಿಜವಾದ ಗಂಟೆಗಳನ್ನೇ ಬರೆಯಿರಿ ಎಂದು ಹುಡುಗರಿಗೆ ಹೇಳಲು ನನಗೆ ಯಾವ ಚುನಾವಣೆಯೂ ಬೇಕಿಲ್ಲ.